ಹಳೇ ರಿವಾಲ್ವರ್‌ಗೆ ಸೈಟ್ ಕೂಡಿಸೋದು: ಆರ್ಮರರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ರಿವಾಲ್ವರ್ ತಗೊಂಡು ರೇಂಜಿಗೆ ಹೋದವರ ಪ್ರಶ್ನೆಗಳಿಗೆ ಇವತ್ತು ಆರ್ಮರರ್ ಸರ್, ಅಂದರೆ ಗನ್ ರಿಪೇರಿ ಮಾಡೋರು, ಉತ್ತರ ಕೊಡ್ತಾರೆ. ಸೈಟ್ ಅಂದರೆ ಗನ್ ಮೇಲೆ ಗುರಿ ನೋಡೋ ಗುರುತು, ಮುಂದೊಂದು ಹಿಂದೊಂದು. ಗನ್ ಯಾವುದು, ಗುಂಡು ಯಾವುದು, ಎಷ್ಟು ಮೀಟರ್, ಯಾವ ಕಡೆ ಎಷ್ಟು ಸೆಂಟಿಮೀಟರ್ ಹೋಗ್ತಿದೆ ಅಂತ ಬರೀರಿ. ಗನ್ ನಂಬರ್ ಕಾಣೋ ಫೋಟೋ ಬೇಡ. ಫಾರ್ವರ್ಡ್ ಖಂಡಿತ ಬೇಡ.

ಹುಣಸೂರು: ಸರ್, ಕಾನ್ಪುರದ ಕಾರ್ಖಾನೆಯ .32 ರಿವಾಲ್ವರ್, ಫಿಕ್ಸೆಡ್ ಸೈಟ್ (ತಿರುಗಿಸೋಕೆ ಬಾರದ್ದು). 10 ಮೀಟರ್‌ಗೆ 6 ಸೆಂ.ಮೀ. ಕೆಳಗೆ ಬೀಳ್ತಿದೆ. ಅರ ಹಾಕೋದು ಮುಂದಿನ ಸೈಟಿಗಾ, ಹಿಂದಿನದಕ್ಕಾ?

ಆರ್ಮರರ್: ಮುಂದಿನದರ ತಲೆಗೆ. ಮುಂದಿನ ಸೈಟ್ ತಗ್ಗಿದಷ್ಟೂ ಗುಂಡು ಮೇಲೆ ಹೋಗುತ್ತೆ. ಎಷ್ಟು ಅನ್ನೋದನ್ನ ಅಂದಾಜಲ್ಲಿ ಮಾಡಬೇಡಿ. ಎರಡು ಸೈಟ್‌ಗಳ ನಡುವಿನ ಅಂತರ ಅಳೆಯಿರಿ. ಅದು 125 ಮಿ.ಮೀ. ಅಂದ್ಕೊಳ್ಳಿ. ಗುಂಡು ತಪ್ಪಿದ್ದು 60 ಮಿ.ಮೀ., ದೂರ 10,000 ಮಿ.ಮೀ. 60ನ್ನು 125ರಿಂದ ಗುಣಿಸಿ 10,000ದಿಂದ ಭಾಗಿಸಿ: 0.75 ಮಿ.ಮೀ. ಒಂದೇ ಸಲ ಅಷ್ಟೂ ತೆಗೀಬೇಡಿ. 0.4 ತೆಗೆದು ಆರು ಗುಂಡು ಹೊಡೆದು ನೋಡಿ, ಆಮೇಲೆ ಉಳಿದದ್ದು. ತೆಗೆದ ಲೋಹ ವಾಪಸ್ ಬರಲ್ಲ. ಅರ ಹಿಡಿಯೋ ಕೆಲಸ ಲೈಸೆನ್ಸ್ ಇರೋ ಆರ್ಮರರ್ ಕೈಯಲ್ಲಿ ಮಾಡಿಸಿ, ಲೆಕ್ಕ ನೀವು ಬರ್ಕೊಂಡು ಹೋಗಿ.

ಅದಕ್ಕೂ ಮುಂಚೆ ಒಂದು: ಆ 6 ಸೆಂ.ಮೀ. ಗನ್ನಿಂದು ಅಂತ ಖಚಿತ ಮಾಡ್ಕೊಳ್ಳಿ. ಮೇಜಿನ ಮೇಲೆ ಮರಳು ಚೀಲ ಇಟ್ಟು, ಹ್ಯಾಮರ್ ಎಳೆದು ಸಿಂಗಲ್ ಆ್ಯಕ್ಷನ್‌ನಲ್ಲಿ ಹೊಡೀರಿ. ಚೀಲದ ಮೇಲೆ ಕೂರಬೇಕಾದ್ದು ಮಣಿಕಟ್ಟು, ಬ್ಯಾರೆಲ್ ಅಲ್ಲ. ಬ್ಯಾರೆಲ್ಲನ್ನ ಗಟ್ಟಿ ವಸ್ತುವಿಗೆ ಒತ್ತಿದರೆ ಗನ್ ಎಗರಿ ಗುಂಡು ಬೇರೆ ಕಡೆ ಹೋಗುತ್ತೆ. ಬೆರಳಾಗಲಿ ಚೀಲವಾಗಲಿ ಸಿಲಿಂಡರ್‌ಗೂ (ಗುಂಡು ತುಂಬೋ, ತಿರುಗೋ ಭಾಗ) ಬ್ಯಾರೆಲ್‌ಗೂ ನಡುವಿನ ಸಂದಿ ಹತ್ತಿರ ಇರಬಾರದು, ಅಲ್ಲಿಂದ ಬರೋ ಬಿಸಿ ಗಾಳಿ ಚರ್ಮ ಕುಯ್ಯುತ್ತೆ. ಆಮೇಲೆ ಅದೇ ಗನ್ ಇನ್ನೊಬ್ಬರ ಕೈಗೆ ಕೊಟ್ಟು ಹೊಡೆಸಿ.

ಕುಶಾಲನಗರ: ಸರ್ ನಂದು ಎಡಕ್ಕೆ, ಕೆಳಗೆ. ಯಾವ ಸೈಟ್?

ಆರ್ಮರರ್: ಬಲಗೈಯವರಾ? ಹಾಗಾದರೆ ತಪ್ಪಿರೋದು ಸೈಟ್ ಅಲ್ಲ, ಕೈ. ಸ್ನೇಹಿತರ ಹತ್ರ ಸಿಲಿಂಡರ್‌ನಲ್ಲಿ ಗುಂಡು ಕೂರೋ ಆರು ತೂತು, ಅಂದರೆ ಚೇಂಬರ್‌ನಲ್ಲಿ ಮೂರಕ್ಕೆ ಗುಂಡು, ಮೂರಕ್ಕೆ ಹೊಡೆದಾದ ಖಾಲಿ ಕೇಸ್ (ಗುಂಡಿನ ಚಿಪ್ಪು) ಹಾಕಿಸಿ, ನಿಮಗೆ ಯಾವುದು ಎಲ್ಲಿ ಅಂತ ಗೊತ್ತಿರಬಾರದು. ಖಾಲಿ ಕೇಸ್ ಮೇಲೆ ಹ್ಯಾಮರ್ ಬಿದ್ದಾಗ ಮೂತಿ ಕೆಳಕ್ಕೆ ಕುಕ್ಕಿದರೆ ಉತ್ತರ ಸಿಕ್ಕಿತು.

ಸೋಮವಾರಪೇಟೆ: ಸರ್ ನಮಸ್ಕಾರ. ನಮ್ಮ ಮಾವನವರ ಹೆಸರಿಂದ ನನ್ನ ಹೆಸರಿಗೆ ಬಂದಿರೋ .32, ಕಾನ್ಪುರದ್ದೇ, ಮೇಲಿಂದ ಮುರಿದು, ಅಂದರೆ ಬ್ಯಾರೆಲ್ ಕೆಳಕ್ಕೆ ಬಗ್ಗಿಸಿ ತೆರೆಯೋದು. 10 ಮೀಟರ್, ಮರಳು ಚೀಲ, ಸಿಂಗಲ್ ಆ್ಯಕ್ಷನ್. ಮೊದಲ ಆರು ಗುಂಡು 6 ಸೆಂ.ಮೀ. ಎಡಕ್ಕೆ, ಆದರೆ ಒಟ್ಟಿಗೆ 4 ಸೆಂ.ಮೀ. ಒಳಗೇ ಇವೆ. ತೆರೆದು ತುಂಬಿ ಮತ್ತೆ ಆರು ಹೊಡೆದರೆ 3 ಎಡಕ್ಕೆ, 2 ಮೇಲಕ್ಕೆ, ಮತ್ತೆ 4 ಸೆಂ.ಮೀ. ಗ್ರೂಪ್. ಮೂರನೇ ಸಲ ಮೊದಲಿನ ಜಾಗಕ್ಕೇ ಬಂತು. ನನ್ನ ತಮ್ಮ ಹೊಡೆದರೂ ಹಾಗೇ. ಮುಂದಿನ ಸೈಟಿನ ಬಲ ಪಕ್ಕ ಅರ ಹಾಕಿಸಿದರೆ ಗುಂಡು ಬಲಕ್ಕೆ ಬರುತ್ತಲ್ವಾ?

ಆರ್ಮರರ್: ಬರುತ್ತೆ, ಆದರೆ ಹಾಕಿಸಬೇಡಿ. ಇನ್ನೊಂದು ಗುಂಡೂ ಹೊಡೀಬೇಡಿ, ಮೊದಲು ಇದನ್ನ ಓದಿ. ಗ್ರೂಪ್ ಚಿಕ್ಕದಾಗಿಯೇ ಇದೆ, ಗನ್ ತೆರೆದು ಮುಚ್ಚಿದಾಗ ಮಾತ್ರ ಅದರ ಜಾಗ ಬದಲಾಗ್ತಿದೆ. ನನಗೆ ಭಯ ಇರೋದು ಅಲ್ಲೇ.

ವೆಬ್ಲಿ (ಬ್ರಿಟಿಷ್ ಕಂಪನಿ) ಥರದ ಮುರಿಯೋ ರಿವಾಲ್ವರ್‌ನಲ್ಲಿ ಮುಂದಿನ ಸೈಟ್ ಬ್ಯಾರೆಲ್ ಮೇಲಿದೆ. ಹಿಂದಿನ ಸೈಟ್ ಬ್ಯಾರೆಲ್ ಮೇಲಿಲ್ಲ, ಗನ್ನನ್ನ ಮುಚ್ಚಿ ಹಿಡಿಯೋ ಲಾಚ್ ಮೇಲಿದೆ, ಆ ಲಾಚ್ ಫ್ರೇಮಿಗೆ ಸೇರಿದ್ದು. ಲಾಚ್ ಸವೆದರೆ, ಇಲ್ಲಾ ಕೆಳಗಿನ ಕೀಲಿನ ಪಿನ್ ಸಡಿಲಾದರೆ, ಪ್ರತಿ ಸಲ ಮುಚ್ಚಿದಾಗ ಎರಡು ಸೈಟ್‌ಗಳ ಸಂಬಂಧವೇ ಬದಲಾಗುತ್ತೆ. ನಿಮ್ಮ ಎರಡು ಗ್ರೂಪ್‌ಗಳ ನಡುವೆ ಸುಮಾರು 36 ಮಿ.ಮೀ. ಮೇಲೆ ಹೇಳಿದ ಲೆಕ್ಕದ ಪ್ರಕಾರ ಅದು 0.45 ಮಿ.ಮೀ. ಲಾಚಿನಲ್ಲಿ ಅರ್ಧ ಮಿಲಿಮೀಟರ್ ಆಟ ಇದ್ದರೆ ಸಾಕು.

ಗುರಿ ತಪ್ಪೋದು ಇದರಲ್ಲಿ ಸಣ್ಣ ವಿಷಯ. ಈ ಗನ್ನಲ್ಲಿ ಸಿಲಿಂಡರ್ ಬ್ಯಾರೆಲ್ ಭಾಗದ ಜೊತೆ ಇರುತ್ತೆ. ಸಿಲಿಂಡರನ್ನ ತಿರುಗಿಸೋ ಪಂಜ, ಅದನ್ನ ನಿಲ್ಲಿಸೋ ಸ್ಟಾಪ್, ಹ್ಯಾಮರ್, ಮೂರೂ ಫ್ರೇಮಲ್ಲಿರುತ್ತೆ. ಕೀಲು ಅಲುಗಾಡಿದರೆ ಬ್ಯಾರೆಲ್, ಸಿಲಿಂಡರ್ ಒಟ್ಟಿಗೆ ಅಲುಗಾಡಿ, ಚೇಂಬರ್ ಪೂರ್ತಿ ನೇರಕ್ಕೆ ಬರೋ ಮುಂಚೆ ಹ್ಯಾಮರ್ ಬೀಳಬಹುದು. ಆಗ ಗುಂಡು ಬ್ಯಾರೆಲ್ ಬಾಯಿಯ ಅಂಚಿಗೆ ಬಡಿದು ಸೀಸ ಚಿಮ್ಮುತ್ತೆ.

ಗನ್ ಖಾಲಿ ಮಾಡಿ. ಆರೂ ಚೇಂಬರ್ ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ. ಆಮೇಲೆ:

ಮುಚ್ಚಿದ ಗನ್ನನ್ನ ಒಂದು ಕೈಲಿ ಹಿಡಿ, ಇನ್ನೊಂದರಲ್ಲಿ ಬ್ಯಾರೆಲ್ ಹಿಡಿದು ಮೇಲೆ ಕೆಳಗೆ, ಪಕ್ಕಕ್ಕೆ ಅಲುಗಿಸಿ. ಶಬ್ದ ಬರಬಾರದು.

ಹ್ಯಾಮರನ್ನ ಹೆಬ್ಬೆರಳಲ್ಲಿ ತುಂಬಾ ನಿಧಾನಕ್ಕೆ ಎಳೀರಿ, ಇನ್ನೊಂದು ಬೆರಳು ಸಿಲಿಂಡರ್ ಮೇಲೆ ಹಗುರಾಗಿ ತಡೆದಿರಲಿ. ಹ್ಯಾಮರ್ ಪೂರ್ತಿ ನಿಲ್ಲೋ ಮೊದಲೇ ಸಿಲಿಂಡರ್ ಲಾಕ್ ಆಗಬೇಕು. ಸ್ಕೆಚ್ ಪೆನ್ನಲ್ಲಿ ಚೇಂಬರ್‌ಗಳಿಗೆ 1ರಿಂದ 6 ನಂಬರ್ ಹಾಕಿ, ಒಂದೊಂದನ್ನೂ ಬೇರೆಯಾಗಿ ನೋಡಿ. ಒಂದೇ ಚೇಂಬರ್ ಕೆಟ್ಟಿರೋದೂ ಉಂಟು.

ಸಿಲಿಂಡರ್ ಮುಖಕ್ಕೂ ಬ್ಯಾರೆಲ್‌ಗೂ ನಡುವೆ ಫೀಲರ್ ಗೇಜ್ (ಸಂದಿ ಅಳೆಯೋ ತೆಳು ಪಟ್ಟಿ) ಹಾಕಿ. 0.10ರಿಂದ 0.25 ಮಿ.ಮೀ. ಇದ್ದರೆ ಸರಿ.

ಕೊನೆಗೆ, ಹೊಡೆದ ಕೇಸ್‌ಗಳ ಹಿಂಭಾಗ ನೋಡಿ. ಪ್ರೈಮರ್ (ಅಲ್ಲಿ ನಡುವೆ ಇರೋ ಸಿಡಿಯೋ ಬಿಲ್ಲೆ) ಮೇಲೆ ಹ್ಯಾಮರ್ ಪಿನ್ ಬಡಿದ ಗುರುತು ನಡುವಲ್ಲಿದೆಯೋ, ಒಂದು ಪಕ್ಕಕ್ಕಿದೆಯೋ? ಇದನ್ನ ಮರೀದೆ ಬರೀರಿ.

ಸಕಲೇಶಪುರ: ಲಾಚ್ ಸಡಿಲ ಆದರೆ ಟಿನ್ ಡಬ್ಬದ ತಗಡು ಕತ್ತರಿಸಿ ಕೂರಿಸಿದರೆ ಟೈಟ್ ಆಗುತ್ತೆ. ವಿಡಿಯೋ ಇದೆ, ಹಾಕಲಾ?

ಆರ್ಮರರ್: ಹಾಕಬೇಡಿ. ತಗಡು ಎರಡು ಸಿಲಿಂಡರ್ ಗುಂಡಿಗೆ ಚಪ್ಪಟೆ ಆಗುತ್ತೆ, ಆಮೇಲೆ ಜಾರಿ ಲಾಚ್ ಪೂರ್ತಿ ಕೂರೋದನ್ನೇ ತಡೆಯುತ್ತೆ. ಹೊಡೆಯೋವಾಗ ಗನ್ ತೆರ್ಕೊಂಡರೆ ಮುಖದ ಎದುರೇ ತೆರ್ಕೊಳ್ಳೋದು.

ಜಯನಗರ: ಗುರು, .32 ಪಿಸ್ತೂಲ್ ಗುಂಡು ಇದೆ ನಮ್ಮ ಹತ್ರ, ರಿವಾಲ್ವರ್‌ಗೂ ಕೂರುತ್ತೆ. ಅದರಲ್ಲೇ ಸೈಟಿಂಗ್ ಮಾಡಬಹುದಾ?

ಆರ್ಮರರ್: ಬೇಡ. ಎರಡರ ಡಬ್ಬದ ಮೇಲೂ .32 ಅಂತಲೇ ಇದ್ದರೂ ಗುಂಡು ಬೇರೆ. ರಿವಾಲ್ವರ್‌ದು ಎಸ್ ಅಂಡ್ ಡಬ್ಲ್ಯು ಲಾಂಗ್, ಕೇಸ್ ಉದ್ದ ಸುಮಾರು 23 ಮಿ.ಮೀ. ಪಿಸ್ತೂಲಿಂದು ಎಸಿಪಿ, 17 ಮಿ.ಮೀ. ಎಸಿಪಿಯ ಒತ್ತಡ ಜಾಸ್ತಿ, ರಿಮ್ ಚಿಕ್ಕದು. ಹಳೇ ಗನ್ನಿಗೆ ಅದನ್ನ ಹಾಕೋದು ಕೀಲು ಮುರಿಯೋ ದಾರಿ. ಇದನ್ನ ಇನ್ನೊಂದು ಸಲ ಬರೆಯಲ್ಲ.

ವಿರಾಜಪೇಟೆ: ಸರ್, ಚುನಾವಣೆ ಟೈಮಲ್ಲಿ ಗನ್ ಡೆಪಾಸಿಟ್ ಮಾಡಿ ವಾಪಸ್ ತಂದ್ಮೇಲೆ ಬ್ಯಾರೆಲ್ ಒಳಗೆ ಕಂದು ಬಣ್ಣ. ಗುರಿ ಕೆಡುತ್ತಾ? ಗುಂಪಲ್ಲಿ ಬಂದ ಫಾರ್ವರ್ಡ್: ವಿನೆಗರ್ ಜೊತೆ ಹೈಡ್ರೋಜನ್ ಪೆರಾಕ್ಸೈಡ್ ಸಮ ಸಮ ಹಾಕಿ ಬ್ಯಾರೆಲ್ ನೆನೆಸಿ, ಸೀಸ ತುಕ್ಕು ಎಲ್ಲಾ ಹೋಗುತ್ತೆ.

ಆರ್ಮರರ್: ಸೀಸ ಕರಗುತ್ತೆ, ನಿಜ. ಕರಗಿ ಏನಾಗುತ್ತೆ ಅಂತ ಆ ಫಾರ್ವರ್ಡ್‌ನಲ್ಲಿಲ್ಲ. ನೀರಲ್ಲಿ ಕರಗೋ ಸೀಸದ ಉಪ್ಪು, ಅಂದರೆ ಲೆಡ್ ಅಸಿಟೇಟ್ ಆಗುತ್ತೆ, ಅದು ವಿಷ. ಅದನ್ನ ಅಡುಗೆ ಮನೆ ಸಿಂಕಿಗೆ ಚೆಲ್ತೀರಿ, ಅದೇ ಮನೇಲಿ ಮಕ್ಕಳಿರ್ತಾರೆ. ಬ್ಯಾರೆಲ್ಲಿನ ಉಕ್ಕನ್ನೂ ಬ್ಲೂಯಿಂಗನ್ನೂ (ತುಕ್ಕು ತಡೆಯೋ ಕಪ್ಪು ಲೇಪ) ತಿನ್ನುತ್ತೆ. ದಯವಿಟ್ಟು ಇದನ್ನ ಎಲ್ಲೂ ಕಳಿಸಬೇಡಿ.

ಗನ್ ಎಣ್ಣೆ ಹಚ್ಚಿ 20 ನಿಮಿಷ ಬಿಡಿ, ಕಂಚಿನ ಬ್ರಷ್ ಹಿಂದಿನ ಕಡೆಯಿಂದ ಎಳೀರಿ. ಮುಂದಿನಿಂದ ತೂರಿಸಿದರೆ ರಾಡ್ ಬ್ಯಾರೆಲ್ ತುದಿಯ ಅಂಚನ್ನ ಉಜ್ಜುತ್ತೆ, ಗುರಿ ಕೆಡೋದು ಅಲ್ಲಿ. ಒಳಗೆ ಒಂದೆರಡು ಚುಕ್ಕೆ ಇದ್ದರೆ ಪರವಾಗಿಲ್ಲ, ತುದಿಯಲ್ಲಿ ಇರಬಾರದು. ಕೈ ಸೋಪಲ್ಲಿ ತಣ್ಣೀರಿಗೆ ತೊಳೆದು ಊಟ ಮಾಡಿ.

ಗೋಣಿಕೊಪ್ಪ: ಎಣ್ಣೆ ಅಂದರೆ ತೆಂಗಿನೆಣ್ಣೆ ಆಗುತ್ತಾ ಸರ್? ನಮ್ಮಲ್ಲಿ ಹಿರಿಯರೆಲ್ಲ ಅದನ್ನೇ ಹಾಕ್ತಿದ್ದರು.

ಆರ್ಮರರ್: ಇಲ್ಲ. 24 ಡಿಗ್ರಿ ಆಸುಪಾಸಲ್ಲಿ ಗಟ್ಟಿ ಆಗುತ್ತೆ. ಡಿಸೆಂಬರ್ ಬೆಳಗ್ಗೆ ಮಡಿಕೇರಿಯಲ್ಲಿ ಹ್ಯಾಮರ್ ನಿಧಾನ ಬೀಳುತ್ತೆ, ಪ್ರೈಮರ್ ಹೊಡೆಯಲ್ಲ.

ಪೊನ್ನಂಪೇಟೆ: ಸೈಟಿಂಗ್ ವಿಷಯಕ್ಕೆ ಬರೋಣ. ಯಾರೂ ಹೇಳ್ತಿಲ್ಲ, ಟಾರ್ಗೆಟ್ ನಡುವಿನ ಕಪ್ಪು ವೃತ್ತದ ಬುಡಕ್ಕೆ ಗುರಿ ಇಟ್ಟು ಗುಂಡು ನಡುವೆ ಬೀಳೋ ಹಾಗೆ ಕೂಡಿಸಬೇಕು. ಸ್ಪರ್ಧೆಯಲ್ಲಿ ಎಲ್ಲರೂ ಹಾಗೇ ಮಾಡೋದು.

ಮೈಸೂರು: ಅದು 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಗೆ, ಸೈಟ್ ತಿರುಗಿಸೋಕೆ ಬರೋ ಗನ್ನಿಗೆ. ಆ ಟಾರ್ಗೆಟ್‌ನಲ್ಲಿ ಕಪ್ಪು 20 ಸೆಂ.ಮೀ., ಬುಡಕ್ಕೆ ಗುರಿ ಇಟ್ಟರೆ ಗುಂಡು 10 ಸೆಂ.ಮೀ. ಮೇಲೆ ಬೀಳಬೇಕು. ಬೇರೆ ದೂರ, ಬೇರೆ ಟಾರ್ಗೆಟ್ ಬಂದಾಗ ಆ ಲೆಕ್ಕವೇ ತಪ್ಪು. ಮನೆಗೆ ಇಟ್ಟ 3 ಇಂಚಿನ ಫಿಕ್ಸೆಡ್ ಸೈಟ್ ಗನ್ನು, ಸೈಟ್ ತುದಿ ಎಲ್ಲಿದೆಯೋ ಅಲ್ಲೇ ಹೊಡೀಬೇಕು.

ಪೊನ್ನಂಪೇಟೆ: ನಡುವೆ ಇಟ್ಟರೆ ಕಪ್ಪು ಸೈಟು ಕಪ್ಪು ಟಾರ್ಗೆಟ್‌ನಲ್ಲಿ ಕಾಣಲ್ಲ. ರೇಂಜಲ್ಲಿ ನಿಂತು ನೋಡಿದವರಿಗೆ ಗೊತ್ತು.

ಮೈಸೂರು: ಕಾಣದಿದ್ದರೆ ಬಿಳಿ ಕಾಗದಕ್ಕೆ ಚಿಕ್ಕ ಸ್ಟಿಕ್ಕರ್ ಅಂಟಿಸಿ. ಅದಕ್ಕೆ ಅಂತ ಸೈಟನ್ನೇ ತಪ್ಪಾಗಿ ಕೂಡಿಸ್ತಾರಾ?

ಪೊನ್ನಂಪೇಟೆ: ತಪ್ಪು ಅಂತ ತೀರ್ಮಾನ ಮಾಡೋಕೆ ನೀವ್ಯಾರು, ಕೋಚಾ?

ಜಯನಗರ: ನಿಮಗೇನ್ರೀ, ಕೊಡಗಿನವರಿಗೆ ಲೈಸೆನ್ಸೇ ಬೇಡ, ಎಷ್ಟು ಬೇಕಾದ್ರೂ ಹೊಡೆದು ಕಲೀಬಹುದು.

ವಿರಾಜಪೇಟೆ: ಗೊತ್ತಿಲ್ಲದೆ ಮಾತಾಡಬೇಡಿ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರೋದು ಲೈಸೆನ್ಸಿನಿಂದ ವಿನಾಯಿತಿ, ಅದೂ ಈಗ 2029ರ ಅಕ್ಟೋಬರ್‌ವರೆಗೆ. ವಿನಾಯಿತಿ ಪತ್ರ ತಗೋಬೇಕು. ಕಂಡಲ್ಲಿ ಹೊಡೆಯೋ ಪರವಾನಗಿ ಅಲ್ಲ ಅದು.

ಕುಶಾಲನಗರ: ಕೊಳ್ಳೋ ಮುಂಚೆ ಮಾಲೀಕರ ಜೊತೆ ಹೋಗಿ ರೇಂಜಲ್ಲಿ ಹೊಡೆದು ನೋಡಬಹುದಾ ಸರ್?

ಹಾಸನ: ಸರ್, ಲೇಸರ್ ಹಾಕೋ ಬೋರ್ ಸೈಟರ್ ಬರುತ್ತಲ್ಲ, ಗುಂಡೇ ಖರ್ಚಿಲ್ಲದೆ ಸೈಟ್ ಕೂಡಿಸುತ್ತೆ ಅಂತೆ?

ಆರ್ಮರರ್: ಕೂಡಿಸಲ್ಲ. ಗುಂಡು ಬ್ಯಾರೆಲ್ ಬಿಡೋ ಮುಂಚೆಯೇ ಗನ್ ಮೇಲೆ ಏಳೋಕೆ ಶುರು ಮಾಡಿರುತ್ತೆ, ಲೇಸರ್‌ಗೆ ಅದು ಗೊತ್ತಿಲ್ಲ. ಅದಕ್ಕೇ ಭಾರದ ಗುಂಡು ಮೇಲೆ, ಹಗುರದ ವೇಗದ ಗುಂಡು ಕೆಳಗೆ ಬೀಳೋದು. ಯಾವ ಗುಂಡು ಇಟ್ಕೊಳ್ತೀರೋ ಅದರಲ್ಲೇ ಸೈಟ್ ಕೂಡಿಸಿ.

ಪೊನ್ನಂಪೇಟೆಯವರೇ, ಮೈಸೂರಿನವರೇ, ನೀವಿಬ್ಬರೂ ಸರಿ, ಗನ್ ಬೇರೆ ಬೇರೆ. ಇಲ್ಲಿಗೆ ಮುಗಿಸಿ.

ಹುಣಸೂರು: ಸರ್, ಹಳೇ ಸ್ಟಾಕ್ ಗುಂಡು. ಆರರಲ್ಲಿ ಒಂದು ‘ಟಪ್’ ಅಂತ ಸಣ್ಣ ಶಬ್ದ, ಇನ್ನೊಂದು ಸಿಡೀಲೇ ಇಲ್ಲ. ಟ್ರಿಗರ್ ಮತ್ತೆ ಒತ್ತಿ ಮುಂದಿನದು ಹೊಡೆದೆ. ಟಾರ್ಗೆಟ್‌ನಲ್ಲಿ ನಾಲ್ಕೇ ತೂತು, ಅದರಿಂದ ಲೆಕ್ಕ ತಪ್ಪಿರಬಹುದಾ?

ಆರ್ಮರರ್: ಲೆಕ್ಕ ಬಿಡಿ. ಎರಡು ದೊಡ್ಡ ತಪ್ಪು ಮಾಡಿದ್ದೀರಿ, ಎಲ್ಲರೂ ಓದಿ.

ಸಣ್ಣ ಶಬ್ದ ಬಂದರೆ ಗುಂಡು ಬ್ಯಾರೆಲ್ ಒಳಗೇ ಸಿಕ್ಕಿರಬಹುದು. ಅಲ್ಲಿಗೇ ನಿಲ್ಲಿಸಬೇಕು. ಖಾಲಿ ಮಾಡಿ, ಬ್ಯಾರೆಲ್ ಒಳಗೆ ಬೆಳಕು ಕಂಡರೆ ಮಾತ್ರ ಮುಂದೆ. ಸಿಕ್ಕ ಗುಂಡಿನ ಹಿಂದೆ ಇನ್ನೊಂದು ಹೋದರೆ ಬ್ಯಾರೆಲ್ ಉಬ್ಬುತ್ತೆ, ಇಲ್ಲಾ ಸೀಳುತ್ತೆ.

ಸಿಡಿಯದೇ ಇದ್ದಾಗ ಟ್ರಿಗರ್ ಮತ್ತೆ ಒತ್ತಲೇಬಾರದು. ಪ್ರೈಮರ್ ತಡವಾಗಿ ಹತ್ತಬಹುದು. ಪಿಸ್ತೂಲಲ್ಲಿ ಆ ಗುಂಡು ಬ್ಯಾರೆಲ್ ಹಿಂದೆಯೇ ಇರುತ್ತೆ. ರಿವಾಲ್ವರ್‌ನಲ್ಲಿ ನೀವು ಒತ್ತಿದ ಕೂಡಲೇ ಸಿಲಿಂಡರ್ ತಿರುಗಿ ಅದು ಪಕ್ಕಕ್ಕೆ ಹೋಗಿರುತ್ತೆ, ಅಲ್ಲಿ ಸಿಡಿದರೆ ಮುಂದೆ ಬ್ಯಾರೆಲ್ ಇಲ್ಲ, ಫ್ರೇಮ್ ಇದೆ. ಮೂತಿ ಟಾರ್ಗೆಟ್ ಕಡೆಗೇ ಇಟ್ಟು 30 ಸೆಕೆಂಡ್ ಕಾಯಿರಿ, ಆಮೇಲೆ ತೆರೀರಿ. ಈಗಲೇ ಬ್ಯಾರೆಲ್ ಹೊರಮೈ ಮೇಲೆ ಬೆರಳಾಡಿಸಿ. ಉಬ್ಬು ಅಥವಾ ಒಳಗೆ ಕಪ್ಪು ಉಂಗುರ ಕಂಡರೆ ಆ ಗನ್ ಹೊಡೀಬೇಡಿ.

ಸಕಲೇಶಪುರ: ಸಿಡಿಯದ ಗುಂಡನ್ನ ಬಿಸಿಲಿಗೆ ಒಣಗಿಸಿದರೆ ಸರಿ ಹೋಗುತ್ತೆ ಅಂತ ಬಂದಿತ್ತು.

ಆರ್ಮರರ್: ಅಡ್ಮಿನ್, ಇವರ ಫಾರ್ವರ್ಡ್ ನಿಲ್ಲಿಸ್ತೀರಾ, ನಾನು ನಿಲ್ಲಿಸಲಾ?

ಗೋಣಿಕೊಪ್ಪ: ಸರ್, ಕೈಲ್ ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿ ಹೊಡೆಯೋಕೆ ರಿವಾಲ್ವರ್ ಎಷ್ಟು ಮೀಟರ್‌ಗೆ ಕೂಡಿಸಲಿ?

ಆರ್ಮರರ್: ಅದು ಕೋವಿಯ ಆಟ.

ಕುಶಾಲನಗರ: ಸರ್, ಕೊಳ್ಳೋ ಮುಂಚೆ ಹೊಡೆದು ನೋಡೋದರ ಬಗ್ಗೆ ಕೇಳಿದ್ದೆ...

ಸೋಮವಾರಪೇಟೆ: ಸರ್, ನೀವು ಹೇಳಿದ ಹಾಗೆ ನೋಡಿದೆ. ಬ್ಯಾರೆಲ್ ಅಲುಗಿಸಿದರೆ ಪಕ್ಕಕ್ಕೆ ಟಿಕ್ ಟಿಕ್ ಅನ್ನುತ್ತೆ. ಸಂದಿ 0.20. ಲಾಕ್ 1, 2, 3, 5, 6 ಸರಿ, 4ನೇ ಚೇಂಬರ್‌ನಲ್ಲಿ ಹ್ಯಾಮರ್ ನಿಂತ ಮೇಲೂ ಸಿಲಿಂಡರ್ ಕೈಯಲ್ಲಿ ಸ್ವಲ್ಪ ತಳ್ಳಿದ ಮೇಲೆ ಕ್ಲಿಕ್ ಆಗುತ್ತೆ. ಹದಿನೆಂಟೂ ಕೇಸ್‌ನಲ್ಲಿ ಪಿನ್ ಗುರುತು ಬಲಕ್ಕೆ ಇದೆ, ಮೂರರಲ್ಲಿ ಅಂಚಿಗೇ ಬಂದಿದೆ. ತಮ್ಮ ಹೊಡೆಯೋವಾಗ ಪಕ್ಕದಲ್ಲಿ ನಿಂತವರ ಕೆನ್ನೆಗೆ ಏನೋ ಚುರ್ ಅಂದಿತ್ತು ಅಂತ ಈಗ ನೆನಪಾಯ್ತು.

ಆರ್ಮರರ್: ಕೆನ್ನೆಗೆ ಬಡಿದದ್ದು ಸೀಸ. ಆ ಅಂಚಿಗೆ ಬಂದ ಮೂರು ಕೇಸೂ 4ನೇ ಚೇಂಬರ್‌ನವೇ ಇರಬೇಕು, ಸಿಲಿಂಡರ್‌ಗೆ ಮೂರು ಸಲ ತುಂಬಿದ್ದೀರಿ, ಲೆಕ್ಕ ಕೂಡುತ್ತೆ. ಸಂದಿ ಸರಿಯಿದೆ, ಹಾಗಾಗಿ ಬ್ಯಾರೆಲ್, ಸಿಲಿಂಡರ್ ಉಳೀತವೆ. ಸವೆದಿರೋದು ಕೀಲಿನ ಪಿನ್, ಲಾಚಿನ ಮುಖ, ಮತ್ತು ಪಂಜ ಒತ್ತೋ, ಸಿಲಿಂಡರ್ ಹಿಂದಿನ ನಕ್ಷತ್ರದಂಥ ಹಲ್ಲುಚಕ್ರದಲ್ಲಿ 4ನೇ ಹಲ್ಲು. ಕೀಲಿನ ತೂತು ರೀಮ್ ಮಾಡಿ (ಕೊರೆದು ಹಿಗ್ಗಿಸಿ) ಪಿನ್ ದಪ್ಪದ್ದು ಹಾಕಬೇಕು, ಲಾಚ್ ಮುಖಕ್ಕೆ ಲೋಹ ತುಂಬಿ ಕೂಡಿಸಬೇಕು, ಆಮೇಲೆ ಟೈಮಿಂಗ್, ಅಂದರೆ ಹ್ಯಾಮರ್ ಬೀಳೋ ಮುಂಚೆ ಚೇಂಬರ್ ನೇರಕ್ಕೆ ಬಂದು ಲಾಕ್ ಆಗೋ ಹಾಗೆ ಮಾಡೋದು. ಇದೇ ಕ್ರಮ. ಟೈಮಿಂಗ್ ಮೊದಲು ಮಾಡಿ ಕೀಲು ಆಮೇಲೆ ಮಾಡಿದರೆ ಟೈಮಿಂಗ್ ಮತ್ತೆ ಹೋಗುತ್ತೆ. ರಿಪೇರಿ ಲೈಸೆನ್ಸ್ ಇರೋ ಕಡೆಗೇ ಕೊಡಿ, ರಸೀದಿ ತಗೊಳ್ಳಿ. ಕೇಸ್‌ಗಳನ್ನ ಎಸೀಬೇಡಿ, ಅವರಿಗೆ ತೋರಿಸಿ.

ವಾಪಸ್ ಬಂದ ಮೇಲೆ 10 ಮೀಟರ್‌ನಲ್ಲಿ ಆರು ಹೊಡೀರಿ, ತೆರೆದು ಮುಚ್ಚಿ ಮತ್ತೆ ಆರು, ಮತ್ತೆ ಆರು. ಮೂರು ಗ್ರೂಪೂ ಒಂದೇ ಜಾಗಕ್ಕೆ ಬಿದ್ದ ಮೇಲೆ ಸೈಟಿನ ಮಾತು.

ಸೋಮವಾರಪೇಟೆ: ಆಯ್ತು ಸರ್. ಅಲ್ಲಿವರೆಗೆ ಮನೇಲಿ ಲೋಡ್ ಮಾಡಿ ಇಟ್ಟಿರಬಹುದಾ, ತೋಟದ ಮನೆ, ಐದು ಚೇಂಬರ್ ಸರಿ ಇದೆಯಲ್ಲ?

ಆರ್ಮರರ್: ಬೇಡ. ಕೀಲು ಆರಕ್ಕೂ ಒಂದೇ. ಗನ್ ಖಾಲಿ ಬೀಗದಲ್ಲಿಡಿ, ಗುಂಡು ಬೇರೆ ಬೀಗದಲ್ಲಿ.

ಮೈಸೂರು: ಪೊನ್ನಂಪೇಟೆಯವರೇ, 25 ಮೀಟರ್ ಟಾರ್ಗೆಟ್ ಫೋಟೋ ಹಾಕಿದ್ದೀನಿ, ಕಪ್ಪನ್ನ ಅಳೆದು ನೋಡಿ.