ಅಪ್ಪ ಅಮ್ಮನ 50ನೇ ಮದುವೆ ದಿನಕ್ಕೆ ಗೇಟ್‌ವೇಯಿಂದ ಯಾಟ್: 50 ಸಾವಿರದೊಳಗೆ ಆಗುತ್ತಾ?

ಡೊಂಬಿವಲಿ ಮಗಳು:

ಎಲ್ಲರಿಗೂ ನಮಸ್ಕಾರ. ಜನವರಿಗೆ ನಮ್ಮ ಅಪ್ಪ ಅಮ್ಮನ ಮದುವೆಯಾಗಿ 50 ವರ್ಷ ತುಂಬುತ್ತದೆ. ಅಪ್ಪ ಹದಿನಾರನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಮುಂಬೈಗೆ ಬಂದವರು. ಫೋರ್ಟ್‌ನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸಕ್ಕೆ ಸೇರಿ, ಕೊನೆಗೆ ಗಲ್ಲಾದಲ್ಲಿ ಕೂತು ರಿಟೈರ್ ಆದರು. ರಜೆ ಸಿಕ್ಕ ಸಂಜೆ ಗೇಟ್‌ವೇ ಆಫ್ ಇಂಡಿಯಾದ ಕಟ್ಟೆಯ ಮೇಲೆ ಕೂತು ಬಿಳಿ ದೋಣಿಗಳನ್ನು ನೋಡುತ್ತಿದ್ದರಂತೆ. ಒಂದು ಸಲವೂ ಹತ್ತಿಲ್ಲ. ಈ ಸಲ ಹತ್ತಿಸಬೇಕು ಅಂತ ನಾವು ಮೂವರು ಮಕ್ಕಳು ಸೇರಿ 50 ಸಾವಿರ ಕೂಡಿಸಿದ್ದೇವೆ.

ನಾವು 14 ಜನ. ಅದರಲ್ಲಿ 4 ಮತ್ತು 7 ವರ್ಷದ ಮಕ್ಕಳಿಬ್ಬರು. ಅಮ್ಮನಿಗೆ ಮಂಡಿ ನೋವು, ಅಪ್ಪನಿಗೆ ಶುಗರ್. 15 ಜನ ಹಿಡಿಯುವ ಮೋಟಾರ್ ಯಾಟ್‌ಗೆ (ಬಾಡಿಗೆಯ ವಿಹಾರ ದೋಣಿ) ಗಂಟೆಗೆ 11,000, ಮೇಲೆ 18% ಜಿಎಸ್‌ಟಿ, ಕಡಿಮೆ ಅಂದರೂ 2 ಗಂಟೆ ಅಂದಿದ್ದಾರೆ. ಹಾಯಿ ದೋಣಿ ಇದಕ್ಕಿಂತ ಅಗ್ಗ, ಆದರೆ ಎರಡು ಬೇಕಾಗುತ್ತದೆ. ಹುಣ್ಣಿಮೆಯ ಹತ್ತಿರದ ಭಾನುವಾರ ಸಂಜೆ ಇಟ್ಟುಕೊಂಡರೆ ಸೂರ್ಯ ಮುಳುಗುವುದನ್ನೂ ನೋಡಬಹುದು, ಚಂದ್ರನನ್ನೂ ನೋಡಬಹುದು ಅಂತ ಯೋಚನೆ. ಮಾಡಿದವರು ಯಾರಾದರೂ ಇದ್ದರೆ ಹೇಳಿ. ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಬಿಡಬೇಕು?

ಕೋಟೇಶ್ವರದವಳು:

ನಿಮ್ಮ ಅಪ್ಪನ ವಿಷಯ ಓದಿ ಮನಸ್ಸು ತುಂಬಿತು ತಂಗಿ. ಖಂಡಿತ ಮಾಡಿ. ನಾವು ಹೋದ ವರ್ಷ ನಮ್ಮ ಅತ್ತೆಯ 75ನೇ ಹುಟ್ಟುಹಬ್ಬಕ್ಕೆ ಮಾಡಿದೆವು. ಅದಕ್ಕೇ ಹೇಳುತ್ತೇನೆ, ಮೊದಲು ಹುಣ್ಣಿಮೆ ಬೇಡ.

ನಾವೂ ಹುಣ್ಣಿಮೆಯನ್ನೇ ಆರಿಸಿದ್ದೆವು. ಗೇಟ್‌ವೇಯಲ್ಲಿ ಯಾಟ್ ಬಂದು ಮೆಟ್ಟಿಲಿಗೆ ನಿಲ್ಲುವುದಿಲ್ಲ. ಅದು ದೂರದಲ್ಲಿ ಲಂಗರು ಹಾಕಿಕೊಂಡು ನಿಂತಿರುತ್ತದೆ. ಮೆಟ್ಟಿಲಿಳಿದು ಒಂದು ಸಣ್ಣ ದೋಣಿ ಹತ್ತಬೇಕು, ಅದರಿಂದ ಯಾಟ್‌ಗೆ ದಾಟಬೇಕು. ಮುಂಬೈಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗೆ ಉಬ್ಬರ ಇರುವುದು ಮಧ್ಯಾಹ್ನ 12–1ರ ಹೊತ್ತಿಗೆ. ಸಂಜೆ 6ರ ಸುಮಾರಿಗೆ ಪೂರ್ತಿ ಇಳಿತ. ನೀರು ಸುಮಾರು 4 ಮೀಟರ್ ಕೆಳಗೆ ಹೋಗಿರುತ್ತದೆ. ಮಧ್ಯಾಹ್ನ ಮುಳುಗಿದ್ದ ಮೆಟ್ಟಿಲೆಲ್ಲ ಹೊರಗೆ, ಅದರ ಮೇಲೆ ಹಸಿರು ಪಾಚಿ.

ಅತ್ತೆ ಅಲ್ಲಿ ನಿಂತುಬಿಟ್ಟರು. ಒಂದು ಕೈ ನನ್ನ ಹೆಗಲ ಮೇಲೆ, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ. ಕೆಳಗೆ ದೋಣಿ ಏಳುತ್ತಾ ಬೀಳುತ್ತಾ ಇದೆ. ದೋಣಿ ಹುಡುಗ ಒಳ್ಳೆಯವನು, "ಆಯೀ, ದೋಣಿ ಮೇಲೆ ಬಂದಾಗ ಕಾಲಿಡಿ" ಅಂತ ಮತ್ತೆ ಮತ್ತೆ ಹೇಳಿದ. ಅವರು ಇಳಿಯುವಷ್ಟರಲ್ಲಿ 25 ನಿಮಿಷ ಹೋಯಿತು. ಆ 25 ನಿಮಿಷವೂ ನಮ್ಮ 2 ಗಂಟೆಯ ಲೆಕ್ಕಕ್ಕೇ ಸೇರಿತ್ತು. ಬುಕ್ ಮಾಡಿದ ಟೈಮ್‌ನಿಂದ ಲೆಕ್ಕ, ಯಾಟ್ ಹತ್ತಿದ ಮೇಲಲ್ಲ ಅಂತ ಆಮೇಲೆ ಗೊತ್ತಾಯಿತು. ವಾಪಸ್ ಬರುವಾಗ ಕತ್ತಲೆಯಲ್ಲಿ ಅದೇ ಮೆಟ್ಟಿಲು. ಅವತ್ತು ನನಗೆ ಆದ ಭಯ ಈಗಲೂ ನೆನಪಿದೆ.

ಹಾಗಾಗಿ ಪಂಚಾಂಗ ತೆಗೆದು ಶುಕ್ಲ ಪಕ್ಷದ ಅಷ್ಟಮಿ ಅಥವಾ ನವಮಿ ಹತ್ತಿರದ ದಿನ ನೋಡಿ. ಆಗ ಸಂಜೆ 5–7ರ ಹೊತ್ತಿಗೆ ನೀರು ಮೇಲಿರುತ್ತದೆ, ಏರಿಳಿತವೂ ಕಮ್ಮಿ. ಅರ್ಧ ಚಂದ್ರ ಸಂಜೆಗೇ ನೆತ್ತಿಯ ಮೇಲಿರುತ್ತಾನೆ. ಚಂದ್ರ ಬೇಕು ಅಂದರೆ ಅವನೂ ಸಿಕ್ಕಿದ, ಅಲ್ವಾ? ಗಂಟೆ ನಿಮಿಷ ಪಕ್ಕಾ ಮಾಡಿಕೊಳ್ಳಲು ಉಬ್ಬರ ಇಳಿತದ ಪಟ್ಟಿ ಇಂಟರ್ನೆಟ್ಟಿನಲ್ಲೇ ಸಿಗುತ್ತದೆ.

ಇನ್ನೊಂದು ಮಾತು. ನಮ್ಮ ಮಲ್ಪೆ, ಮರವಂತೆ ಥರ ಸೂರ್ಯ ನೀರಿನಲ್ಲಿ ಮುಳುಗುವುದು ಇಲ್ಲಿ ಕಾಣುವುದಿಲ್ಲ. ಗೇಟ್‌ವೇ ಇರುವುದು ಪೂರ್ವದ ಬದಿಯಲ್ಲಿ. ಸೂರ್ಯ ತಾಜ್ ಹೋಟೆಲಿನ ಗುಮ್ಮಟದ ಹಿಂದೆ ಹೋಗುತ್ತಾನೆ. ಕೊಲಾಬಾ ತುದಿಯ ಪ್ರಾಂಗ್ಸ್ ಲೈಟ್‌ಹೌಸ್ ಸುತ್ತಿ ಪಶ್ಚಿಮಕ್ಕೆ ಹೋದರೆ ಸಿಗಬಹುದು, ಆದರೆ ಅಲ್ಲಿ ಅಲೆ ಜಾಸ್ತಿ, ಟೈಮೂ ಸಾಲದು. ನಿಮ್ಮ ಅಪ್ಪನಿಗೆ ತಾಜ್, ಗೇಟ್‌ವೇ ಎರಡೂ ನೀರಿನ ಕಡೆಯಿಂದ ಕಾಣಬೇಕು. ಅಷ್ಟು ವರ್ಷ ಯಾವ ಕಟ್ಟೆಯ ಮೇಲೆ ಕೂತಿದ್ದರೋ ಆ ಕಟ್ಟೆಯನ್ನು ಅವರು ಈ ಕಡೆಯಿಂದ ನೋಡಲಿ. ಅದಕ್ಕಿಂತ ದೊಡ್ಡದು ಯಾವುದೂ ಬೇಡ.

ದುಡ್ಡಿನ ವಿಷಯ. 2 ಗಂಟೆ ಬೇಡ, 3 ಗಂಟೆ ತೆಗೆದುಕೊಳ್ಳಿ. 33,000ಕ್ಕೆ ಜಿಎಸ್‌ಟಿ 5,940, ಒಟ್ಟು 38,940. ದೋಣಿ ಹುಡುಗರ ಕೈಗೆ 1,500 ಇಡಿ. ಉಳಿಯುವುದು 9,560. ಡೊಂಬಿವಲಿಯಿಂದ ಅಮ್ಮ ಅಪ್ಪ ಮಕ್ಕಳಿಗೆ ಮಾತ್ರ ಕಾರು ಮಾಡಿ, ಉಳಿದವರು ಲೋಕಲ್ ಟ್ರೈನಿನಲ್ಲಿ ಸಿಎಸ್‌ಎಂಟಿ ಸ್ಟೇಷನ್ನಿಗೆ ಬನ್ನಿ. ಡೆಕೊರೇಷನ್ ಪ್ಯಾಕೇಜ್ ಅಂತ ಕೇಳುತ್ತಾರೆ, ಅದನ್ನು ಬಿಡಿ. ಬಲೂನು ಗಾಳಿಗೆ ನಿಲ್ಲುವುದಿಲ್ಲ, ಹಾರಿ ಸಮುದ್ರಕ್ಕೆ ಬೀಳುತ್ತದೆ. ಮಾಟುಂಗದಿಂದ ಮಲ್ಲಿಗೆ ದಂಡೆ, ಎರಡು ಹಾರ ತನ್ನಿ. ದೀಪ, ಕ್ಯಾಂಡಲ್ ಹಚ್ಚಲು ಬಿಡುವುದಿಲ್ಲ, ಆರತಿ ಮನೆಯಲ್ಲೇ ಮುಗಿಸಿ.

ಬಂದರಿನ ಹುಡುಗ:

ಅಕ್ಕ ಹೇಳಿದ್ದು ಸರಿ ಇದೆ. ನಾನು ಈ ಲೈನಿನಲ್ಲಿ ಆರು ವರ್ಷದಿಂದ ಇದ್ದೇನೆ. ಅಡ್ವಾನ್ಸ್ ಕೊಡುವ ಮೊದಲು ದೋಣಿಯ ಲೈಸೆನ್ಸ್‌ನಲ್ಲಿ ಎಷ್ಟು ಜನ ಅಂತ ಬರೆದಿದೆ ನೋಡಿ. ಏಜೆಂಟ್ ಬಾಯಲ್ಲಿ ಹೇಳಿದ ಲೆಕ್ಕ ಬೇಡ. ಮಕ್ಕಳನ್ನೂ ತಲೆ ಲೆಕ್ಕಕ್ಕೆ ಹಿಡಿಯಿರಿ. 2024ರ ಡಿಸೆಂಬರ್ 18ರಂದು ನೌಕಾಪಡೆಯ ಸ್ಪೀಡ್‌ಬೋಟ್ ಎಲಿಫೆಂಟಾ ದ್ವೀಪಕ್ಕೆ ಹೋಗುತ್ತಿದ್ದ ಫೆರಿಗೆ ಗುದ್ದಿದ್ದು ಇದೇ ನೀರಿನಲ್ಲಿ. ಸಣ್ಣ ದೋಣಿ ಹತ್ತುವಾಗಲೇ ಎಲ್ಲರೂ ಲೈಫ್ ಜಾಕೆಟ್ ಹಾಕಿ. 4 ವರ್ಷದ ಮಗುವಿನ ಅಳತೆಯ ಜಾಕೆಟ್ ಇದೆಯಾ ಅಂತ ಮೊದಲೇ ಕೇಳಿ, ಫೋಟೊ ತರಿಸಿಕೊಳ್ಳಿ. ದೊಡ್ಡವರ ಜಾಕೆಟ್ ಮಗುವಿಗೆ ಹಾಕಿದರೆ ತಲೆಯಿಂದ ಜಾರಿ ಹೋಗುತ್ತದೆ.

ಹವಾಮಾನ ಕೆಟ್ಟು ದೋಣಿ ಬಿಡದಿದ್ದರೆ ದುಡ್ಡು ವಾಪಸ್ಸಾ, ಬೇರೆ ದಿನವಾ? ಇದು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಹಾಯಿ ದೋಣಿ ಬೇಡ, ಗಾಳಿಗೆ ಒಂದು ಪಕ್ಕಕ್ಕೆ ವಾಲುತ್ತದೆ, ಅಮ್ಮನವರಿಗೆ ಕಷ್ಟ.

ಚೆಂಬೂರು ಭಟ್ರು:

ಬೇಸರ ಮಾಡಿಕೊಳ್ಳಬೇಡಿ ಮಗಳೇ. ಮೂರು ಗಂಟೆಗೆ 40 ಸಾವಿರ ಅಂದರೆ ನನಗೆ ಹೊಟ್ಟೆ ಉರಿಯುತ್ತದೆ. ಅದೇ ದುಡ್ಡಿನಲ್ಲಿ ಒಂದು ಹಾಲ್ ಹಿಡಿದು ನೂರು ಜನಕ್ಕೆ ಬಾಳೆಲೆ ಊಟ ಹಾಕಬಹುದಲ್ಲ. ಹೋಗುವುದೇ ಆದರೆ ಅಪ್ಪನಿಗೆ ಊಟದ ಹೊತ್ತು ತಪ್ಪಿಸಬೇಡಿ. ಶುಗರ್ ಇದ್ದವರಿಗೆ ಎರಡು ಇಡ್ಲಿ ಕೈಯಲ್ಲಿರಲಿ. ಹೊಟ್ಟೆ ತೊಳಸುವವರು ಇದ್ದರೆ ಮಾತ್ರೆ ಡಾಕ್ಟರನ್ನು ಕೇಳಿ ಹೊರಡುವ ಮೊದಲೇ ತೆಗೆದುಕೊಳ್ಳಲಿ. ವಾಂತಿ ಶುರುವಾದ ಮೇಲೆ ತೆಗೆದುಕೊಂಡರೆ ಉಪಯೋಗವಿಲ್ಲ.

ಕೋಟೇಶ್ವರದವಳು:

ಭಟ್ರೇ, ನಿಮ್ಮ ಮಾತು ನನಗೆ ಅರ್ಥವಾಗುತ್ತದೆ. ನಮ್ಮ ಮನೆಯಲ್ಲೂ ಇದೇ ಮಾತು ಬಂದಿತ್ತು. ಆದರೆ ನೂರು ಜನರ ಊಟಕ್ಕೆ ಕರೆದರೆ ಅವರ ಅಪ್ಪ ಅಲ್ಲೂ ಎದ್ದು ಬಡಿಸಲು ನಿಲ್ಲುತ್ತಾರೆ. ಹೋಟೆಲಿನವರು ಸುಮ್ನೆ ಕೂರುವುದಿಲ್ಲ. ನಮ್ಮ ಮಾವನೂ ಹೋಟೆಲಿನವರೇ, ನಮ್ಮ ಮದುವೆಯಲ್ಲೇ ಪಂಕ್ತಿಯಲ್ಲಿ ಸಾರಿನ ಬಕೆಟ್ ಹಿಡಿದಿದ್ದರು. ಒಂದು ದಿನ ಮೂರು ಗಂಟೆ ಅವರನ್ನು ಬೇರೆಯವರು ನೋಡಿಕೊಳ್ಳಲಿ.

ತಂಗಿ, ಅಮ್ಮನಿಗೆ ಹೊಸ ರೇಷ್ಮೆ ಸೀರೆ ಬೇಡ, ಜಾರುತ್ತದೆ. ಹಳೆಯ ಮೆತ್ತಗಿನ ಹತ್ತಿ ಸೀರೆ, ಕಣಕಾಲಿನ ಮೇಲೆ ಉಡಿಸಿ. ರೇಷ್ಮೆಯನ್ನು ಬ್ಯಾಗಿನಲ್ಲಿ ಒಯ್ದು ಫೋಟೊಗೆ ಹೊದಿಸಿದರೆ ಆಯಿತು. ಡೆಕ್ ಮೇಲೆ ಚಪ್ಪಲಿ ಬಿಡಿಸುತ್ತಾರೆ, ಅದೂ ತಿಳಿದಿರಲಿ. ಟಾಯ್ಲೆಟ್ ಇದೆ, ಆದರೆ ತುಂಬ ಇಕ್ಕಟ್ಟು, ಇಳಿಯಲು ಕಡಿದಾದ ಏಣಿ. ಅಮ್ಮ ದಡದಲ್ಲೇ ಹೋಗಿ ಬರಲಿ.

ಡೊಂಬಿವಲಿ ಮಗಳು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ನಿನ್ನೆ ರಾತ್ರಿ ತಮ್ಮನ ಜೊತೆ ಕೂತು ಕ್ಯಾಲೆಂಡರ್ ನೋಡಿದೆ. ಶುಕ್ಲ ನವಮಿ ಹತ್ತಿರದ ಶನಿವಾರ ಸಿಕ್ಕಿತು, ಮದುವೆ ದಿನದಿಂದ ಐದು ದಿನ ಆಚೆ. ಪರವಾಗಿಲ್ಲ. 4ರಿಂದ 7 ಅಂತ ಕೇಳಿದ್ದೇನೆ. ಲೈಸೆನ್ಸ್ ಫೋಟೊ ಬಂತು, 15 ಜನ ಅಂತಲೇ ಇದೆ. ಮಗುವಿನ ಜಾಕೆಟ್ ಇಲ್ಲ ಅಂದರು, ನಾವೇ ಕೊಂಡು ಒಯ್ಯುತ್ತೇವೆ. ಭಟ್ರು ಮಾಮಾ, ಇಡ್ಲಿ ಡಬ್ಬಿ ಖಂಡಿತ ಇರುತ್ತದೆ.

ಮುಂದಿನ ಭಾನುವಾರ ಅದೇ ಹೊತ್ತಿಗೆ ನಾನೊಬ್ಬಳೇ ಹೋಗಿ ಮೆಟ್ಟಿಲು ನೋಡಿಕೊಂಡು ಬರುತ್ತೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಗೇಟ್‌ವೇ ಕಡೆ ಹೋಗಿ ಬರೋಣವಾ ಅಂತ ಮಾತ್ರ ಕೇಳಿದೆ. "ಕಟ್ಟೆ ಮೇಲೆ ಜಾಗ ಸಿಗಬೇಕಾದರೆ ಬೇಗ ಹೊರಡಬೇಕು" ಅಂದರು.