ಸೆಸ್ನಾದಿಂದ ಜೆಟ್‌ಗೆ: ಸಿಮ್ಯುಲೇಟರ್ ಹತ್ತುವ ಮುನ್ನ ಏನನ್ನು ರೂಢಿಸಿಕೊಳ್ಳಬೇಕು?

ಪ್ರಶ್ನೆ (ಉಡುಪಿ):
ವಾಣಿಜ್ಯ ಪೈಲಟ್ ಪರವಾನಗಿಗೆ ಬೇಕಾದ 200 ಗಂಟೆಗಳ ಹಾರಾಟವನ್ನು ಬಹುಪಾಲು ಸೆಸ್ನಾ 172 ಎಂಬ ಪುಟ್ಟ ಒಂಟಿ ಎಂಜಿನ್ ವಿಮಾನದಲ್ಲೇ ಮುಗಿಸಿ ಊರಿಗೆ ಬಂದಿದ್ದೇನೆ. ಮುಂದಿನ ತಿಂಗಳು ಏರ್‌ಬಸ್ ಎ320 ಜೆಟ್‌ನ ಟೈಪ್ ರೇಟಿಂಗ್ (ಆ ಮಾದರಿಯ ವಿಮಾನ ಹಾರಿಸಲು ಬೇಕಾದ ತರಬೇತಿ) ಆರಂಭವಾಗಲಿದೆ. ನನಗಿಂತ ನಯವಾಗಿ ಹಾರಿಸುತ್ತಿದ್ದ ಸಹಪಾಠಿಯೊಬ್ಬ ಸಿಮ್ಯುಲೇಟರ್‌ನ ಎರಡು ಪಾಠಗಳನ್ನು ಮತ್ತೆ ಮಾಡಬೇಕಾಯಿತೆಂದು ಕೇಳಿದಂದಿನಿಂದ ಅಳುಕು ಹತ್ತಿದೆ. ಈ ಒಂದು ತಿಂಗಳಲ್ಲಿ ಯಾವುದಕ್ಕೆ ಒತ್ತು ಕೊಡಲಿ?

ಉತ್ತರ 1 (ನಿವೃತ್ತ ಕ್ಯಾಪ್ಟನ್, ಮಂಗಳೂರು):
ನಿಮ್ಮ ಸಹಪಾಠಿಗೆ ಕೈಚಳಕ ಸಾಲದೆ ಹೋಗಿರಲಾರದು, ಹೊತ್ತು ಸಾಲದೆ ಹೋಗಿರಬೇಕು. ಸೆಸ್ನಾ ಸುಮಾರು 65 ನಾಟ್ (ಗಂಟೆಗೆ ಸುಮಾರು 120 ಕಿ.ಮೀ.) ವೇಗದಲ್ಲಿ ರನ್‌ವೇಯತ್ತ ಬಂದರೆ ಎ320 ಬರುವುದು 135–140 ನಾಟ್‌ನಲ್ಲಿ. ಯೋಚಿಸಲು ಸಿಗುವ ಕಾಲ ಅರ್ಧಕ್ಕಿಂತಲೂ ಕಡಿಮೆ. ಅದಲ್ಲದೆ ಜೆಟ್ ತನ್ನ ವೇಗವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ: ಮೂಗು ತಗ್ಗಿಸಿ ಬೇಗ ಇಳಿಯಹೋದರೆ ವೇಗ ಏರುತ್ತದೆ, ವೇಗ ತಗ್ಗಿಸಹೋದರೆ ಇಳಿಕೆ ನಿಧಾನವಾಗುತ್ತದೆ. ಹಾಗಾಗಿ ಲೆಕ್ಕ ಮೊದಲೇ ಆಗಿರಬೇಕು. ಪ್ರತಿ 1,000 ಅಡಿ ಇಳಿಯಲು 3 ನಾಟಿಕಲ್ ಮೈಲಿ ಎಂದು ಹಿಡಿದರೆ, ಬೆಂಗಳೂರಿನಿಂದ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ 25,000 ಅಡಿಯಲ್ಲಿ ಬರುವವನಿಗೆ 75 ನಾಟಿಕಲ್ ಮೈಲಿ, ಅಂದರೆ ಸುಮಾರು 139 ಕಿ.ಮೀ. ಬೇಕು, ನೇರ ಹಾದಿಯಾದರೆ ಹಾಸನದ ಬಳಿಯೇ ಇಳಿಕೆ ಶುರುವಾಗಿರಬೇಕು. ವೇಗ ತಗ್ಗಿಸಲು ಬೇಕಾದ ದೂರ ಬೇರೆ. (ಬಸ್ಸಿನವರು ಶಿರಾಡಿ ಘಾಟಿಯ ತಿರುವಿನಲ್ಲಿ ಬ್ರೇಕ್ ಹುಡುಕುವುದಿಲ್ಲವಷ್ಟೆ.) ಅಂತಿಮ ಹಾದಿಯಲ್ಲಿ ನೆಲದ ಮೇಲಿನ ವೇಗವನ್ನು 5ರಿಂದ ಗುಣಿಸಿ: 140 ನಾಟ್‌ಗೆ ನಿಮಿಷಕ್ಕೆ 700 ಅಡಿ ಇಳಿಕೆ. ಈ ಮಗ್ಗಿ ನಿದ್ದೆಯಲ್ಲೂ ಬಾಯಿಗೆ ಬರಲಿ.

ಉತ್ತರ 2 (ಕಿರಿಯ ಫಸ್ಟ್ ಆಫೀಸರ್ ಅಂದರೆ ಸಹಪೈಲಟ್, ಕಾಪು):
ನಾನು ಎಡವಿದ್ದು ಲೆಕ್ಕದಲ್ಲಲ್ಲ, ಮಾತಿನಲ್ಲಿ. ಕಾಲ್‌ಔಟ್‌ಗಳನ್ನು (ಹಾರಾಟದ ಹಂತಹಂತದಲ್ಲಿ ಗಟ್ಟಿಯಾಗಿ ಹೇಳಬೇಕಾದ ನಿಗದಿತ ಮಾತುಗಳನ್ನು) ನೆನಪಿಸಿಕೊಳ್ಳುತ್ತಿದ್ದಾಗ ವಿಮಾನ ನನ್ನನ್ನು ಬಿಟ್ಟು ಮುಂದೆ ಹೋಗಿರುತ್ತಿತ್ತು. ಆಮೇಲೆ ಕಾಕ್‌ಪಿಟ್ ಚಿತ್ರವನ್ನು ಗೋಡೆಗೆ ಅಂಟಿಸಿ, ಕುರ್ಚಿಯಲ್ಲಿ ಕುಳಿತು, ಕೈಯಾಡಿಸುತ್ತ ಗಟ್ಟಿಯಾಗಿ ಹೇಳಿ ಕಲಿತೆ. ಅಮ್ಮ ಗಾಬರಿಯಾದದ್ದು ಹೌದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಆದರೆ ಪಕ್ಕದಲ್ಲಿ ಹಿರಿಯ ಕ್ಯಾಪ್ಟನ್ ಕುಳಿತಿರುವಾಗ, ಅವರ ಅಪ್ರೋಚ್ (ರನ್‌ವೇಯತ್ತ ಇಳಿದುಬರುವ ರೀತಿ) ಸರಿಯಿಲ್ಲವೆಂದು ನನ್ನಂಥವನು ಹೇಗೆ ಹೇಳುವುದು?

ಉತ್ತರ 1 (ಮತ್ತೆ):
ನಮ್ಮ ಊರಿನಲ್ಲಿ ಈ ಪ್ರಶ್ನೆಯನ್ನು ಹಗುರವಾಗಿ ಕೇಳಲಾಗದು. 2010ರ ಮೇ 22ರಂದು ದುಬೈನಿಂದ ಮಂಗಳೂರಿಗೆ ಬಂದ ಬೋಯಿಂಗ್ 737 ತೀರಾ ಎತ್ತರದಿಂದ ಇಳಿದು, 8,033 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ನೆಲ ಮುಟ್ಟಿ, ಗುಡ್ಡದ ಅಂಚು ದಾಟಿ ಬಿತ್ತು. 158 ಜನ ತೀರಿಕೊಂಡರು. ಫಸ್ಟ್ ಆಫೀಸರ್ ಮೂರು ಬಾರಿ ಗೋ ಅರೌಂಡ್ (ಇಳಿಸದೆ ಮತ್ತೆ ಮೇಲೇರಿಸಿ) ಎಂದರೂ ಕ್ಯಾಪ್ಟನ್ ಇಳಿಸುವುದನ್ನು ಕೈಬಿಡಲಿಲ್ಲವೆಂದು ತನಿಖಾ ವರದಿ ಹೇಳುತ್ತದೆ. ಆದ್ದರಿಂದ ಹೇಳುವುದಷ್ಟೇ ಸಾಲದು. ಹೇಳಿದ್ದಕ್ಕೆ ಉತ್ತರ ಬಾರದಿದ್ದರೆ ನಿಯಂತ್ರಣವನ್ನು ಯಾವಾಗ, ಯಾವ ಪದಗಳಿಂದ ಕೈಗೆತ್ತಿಕೊಳ್ಳಬೇಕೆಂದು ನಿಮ್ಮ ಸಂಸ್ಥೆಯ ಕೈಪಿಡಿಯಲ್ಲಿ ಮೊದಲ ದಿನವೇ ಹುಡುಕಿ ಓದಿ, ಸಿಮ್ಯುಲೇಟರ್‌ನಲ್ಲಿ ಅದನ್ನೊಮ್ಮೆ ಮಾಡಿಸುವಂತೆ ಬೋಧಕರನ್ನು ಕೇಳಿ.