ಅಪ್‌ಡೇಟ್: ಹೊಸಬರೇ ಹೆಚ್ಚಿದ್ದ ಕೂಟಕ್ಕೆ ಆರಿಸಿದ ಕಾಂಟ್ರಾ ನೃತ್ಯಗಳು

ಮ್ಯಾಸಚೂಸೆಟ್ಸ್‌ನ ನಮ್ಮ ಊರಿನ ಕಾಂಟ್ರಾ (ಜೋಡಿಗಳು ಉದ್ದ ಸಾಲುಗಳಲ್ಲಿ ನಿಂತು ಆಡುವ ಜನಪದ ನೃತ್ಯ) ಕೂಟಕ್ಕೆ ಬರುವವರಲ್ಲಿ ಬಹುಪಾಲು ಹೊಸಬರಾಗಿದ್ದರೆ ಯಾವ ನೃತ್ಯಗಳನ್ನು ಆರಿಸಬೇಕೆಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಕೂಟ ಚೆನ್ನಾಗಿ ನಡೆಯಿತು.

ನಿಮ್ಮ ಸಲಹೆಯಂತೆ ಮೊದಲು ಜೋಡಿ ಬದಲಾಗುತ್ತ ಹೋಗುವ ದೊಡ್ಡ ವೃತ್ತದ ನೃತ್ಯವನ್ನಿಟ್ಟು, ಬಳಿಕವಷ್ಟೇ ಉದ್ದ ಸಾಲುಗಳಿಗೆ ಹೋದೆವು. ಆಯ್ಕೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗಮನಿಸಿದ್ದು ಸಂಗೀತದ 64 ತಾಳದ ಎಣಿಕೆಗಳ ಪ್ರತಿ ಸುತ್ತಿನ ಕೊನೆಯಲ್ಲಿ ಮುಂದಿನ ಜೋಡಿಯತ್ತ ಸಾಗುವ ಘಟ್ಟವನ್ನು: ಸಂಗಾತಿಯೊಂದಿಗೆ ಸ್ವಿಂಗ್ (ಪರಸ್ಪರ ಹಿಡಿದು ಗಿರಗಿರ ತಿರುಗುವುದು) ಮುಗಿಸಿದ ನಾಲ್ವರು ಕೈಹಿಡಿದು ಎಡಕ್ಕೆ ಮುಕ್ಕಾಲು ಸುತ್ತು ತಿರುಗಿ, ಎದುರಿನವರನ್ನು ದಾಟಿ ನೇರ ನಡೆದರೆ ಹೊಸ ನೆರೆಯವರು, ಅಂದರೆ ಮುಂದಿನ ಸುತ್ತಿನ ಜೋಡಿ, ಕಣ್ಣೆದುರೇ ಸಿಗುತ್ತಾರೆ. ಇಲ್ಲಿ ಒಬ್ಬರು ದಿಕ್ಕು ತಪ್ಪಿದರೂ ಗೊಂದಲ ಪಕ್ಕದ ಗುಂಪಿಗೂ ಹಬ್ಬುತ್ತದೆ. ಆದ್ದರಿಂದ ಈ ಘಟ್ಟ ಸರಳವಾಗಿಲ್ಲದ ನೃತ್ಯವನ್ನು, ಅದು ಎಷ್ಟೇ ಸುಂದರವಾಗಿರಲಿ, ಪಕ್ಕಕ್ಕಿಡುವುದೇ ಸರಿ ಎಂಬುದು ನನ್ನ ದೃಢ ಅಭಿಪ್ರಾಯ. ಸಾಲುಗಳು ಮುಂದೆ ಹೋಗಿ ಹಿಂದೆ ಬರುವ ಚಲನೆ ಇರುವ ನೃತ್ಯಗಳು, ಹಿಂದೆ ಬಿದ್ದವರಿಗೆ ಮತ್ತೆ ಸೇರಿಕೊಳ್ಳಲು ಅವಕಾಶ ಕೊಟ್ಟವು.

ಜಡೆ ಹೆಣೆದಂತೆ ಸಾಗುವ ‘ಹೇ’ ಚಲನೆಯನ್ನು ಪೂರ್ತಿ ಬಿಟ್ಟೆವು, ಏಕೆಂದರೆ ಅಲ್ಲಿ ಕೈಹಿಡಿದು ದಾರಿ ತೋರಿಸುವವರು ಯಾರೂ ಇರುವುದಿಲ್ಲ. ಅನುಭವಿಗಳು ತಾವಾಗಿಯೇ ಹೊಸಬರನ್ನು ಸಂಗಾತಿಗಳನ್ನಾಗಿ ಕರೆದದ್ದು ಬಹಳ ನೆರವಾಯಿತು. ಮುಂದಿನ ಕೂಟದಲ್ಲಿ ‘ಚೈನ್’ (ಇಬ್ಬರು ಬಲಗೈ ಹಿಡಿದು ಎದುರು ಬದಿಗೆ ದಾಟುವ ಚಲನೆ) ಇರುವ ಒಂದೇ ಒಂದು ನೃತ್ಯವನ್ನು ಸೇರಿಸುವ ಯೋಚನೆಯಿದೆ.